ಹೆಂಚು ಜಾರಿದ ಮನೆ

ಆಗುಂಬೆ ಸೀಮೆಯಲ್ಲಿ ಮನೆ ಬೀಳುವುದು ಒಂದೇ ಹೆಂಚಿನಿಂದ. ಮಂಗ ಹಾರಿಯೋ ಗಾಳಿಗೋ ಹೆಂಚೊಂದು ಜಾರುತ್ತದೆ. ನೋಡುವವರಿಲ್ಲದಿದ್ದರೆ ಆ ಕಂಡಿಯಲ್ಲಿ ಮಳೆಗಾಲವಿಡೀ ನೀರಿಳಿದು ರೀಪು, ಪಕಾಸು ಕೊಳೆತು, ಕೆಲವೇ ವರ್ಷಕ್ಕೆ ಮಣ್ಣಿನ ಗೋಡೆ ಕರಗಿ ಕೂರುತ್ತದೆ. ತೀರ್ಥಹಳ್ಳಿ ಕಡೆಯ ನನ್ನ ತಾಯಿಯ ತವರುಮನೆಗೆ ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. ಜಗಲಿಯ ಕಂಬ ಹೊರಗಿಂದ ನುಣ್ಣಗೆ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಬೆರಳು ಒಳಗೇ ಹೋಯಿತು. ಗೆದ್ದಲು ಬಣ್ಣದ ಪದರವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದು ಮುಗಿಸಿತ್ತು.

ರಿಪೇರಿ ಮಾಡಿ ಹೋಂಸ್ಟೇ ನಡೆಸೋಣವೇ ಎಂಬ ಮಾತು ಈಗ ಮನೆಯವರಲ್ಲಿ ನಡೆದಿದೆ.

ನಡೆಸೋಣ ಎನ್ನುವವರ ಮಾತಿನಲ್ಲಿ ತಿರುಳಿದೆ. ಇಂಥ ಮನೆ ಬರೀ ಅಭಿಮಾನದಿಂದ ನಿಲ್ಲುವುದಿಲ್ಲ. ವರ್ಷ ವರ್ಷ ಹೆಂಚು ಕೈಯಾಡಿಸಬೇಕು, ಅಂಗಳದ ನೀರು ಹೋಗುವ ದಾರಿ ಬಿಡಿಸಬೇಕು, ಮರಕ್ಕೆ ಎಣ್ಣೆ ಕಾಣಿಸಬೇಕು. ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಯ ಬೆನ್ನಿಗೆ ಒಂದು ಪ್ರತಿಷ್ಠಾನವಿದೆ. ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು, ಮಣಿಪಾಲದ ಹಸ್ತಶಿಲ್ಪದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಆ ಭಾಗ್ಯ ಎಷ್ಟು ಮನೆಗಳಿಗೆ ಸಿಕ್ಕೀತು? ನಮ್ಮಂಥವರ ಮನೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು. ಅದಕ್ಕಿಂತ ದೊಡ್ಡ ಲಾಭ, ಒಲೆ ಮತ್ತೆ ಉರಿಯುತ್ತದೆ. ಅಡುಗೆಮನೆಯ, ಬಚ್ಚಲೊಲೆಯ ಹೊಗೆಯೇ ಅಟ್ಟದ ಮರವನ್ನು ಹುಳದಿಂದ ಕಾಯುತ್ತಿತ್ತು. ಬೀಗ ಬಿದ್ದ ಮನೆ ಬೇಗ ಸಾಯುವುದಕ್ಕೆ ಇದೂ ಒಂದು ಕಾರಣ.

ಬೇಡವೆನ್ನುವವರ ಅಳುಕೂ ಸುಳ್ಳಲ್ಲ. ಅತಿಥಿಗೆ ಕೋಣೆಗೊಂದು ಬಚ್ಚಲು ಬೇಕು. ಮಣ್ಣಿನ ಗೋಡೆಯೊಳಗೆ ನಲ್ಲಿ, ಪೈಪು ಓಡಿಸಿದರೆ ಎಲ್ಲೋ ಒಂದು ಕಡೆ ಒಸರಿಯೇ ಒಸರುತ್ತದೆ. ಗೋಡೆ ಗಟ್ಟಿಯಾಗಲಿ ಎಂದು ಸಿಮೆಂಟು ಬಳಿದರೋ ಒಳಗಿನ ತೇವ ಹೊರಬರಲಾಗದೆ ಗೋಡೆ ಒಳಗೊಳಗೇ ಹುಡಿಯಾಗುತ್ತದೆ. ಸುಣ್ಣದ ಗಾರೆ ಅರೆದು ಕೆಲಸ ಮಾಡಬಲ್ಲ ಕೈಗಳು ಊರಲ್ಲಿ ಕಡಿಮೆಯಾಗಿವೆ. ಇದ್ದವರಿಗೆ ತಕ್ಕ ಕೂಲಿ ಕೊಡಲೇಬೇಕು. ನನ್ನ ಕೇಳಿದರೆ ಬಚ್ಚಲುಗಳನ್ನೆಲ್ಲ ಹಿತ್ತಿಲ ಕಡೆ ಬೇರೆಯಾಗಿ ಕಟ್ಟಿ, ಒಂದು ಮಾಡಿನಡಿ ಮನೆಗೆ ಜೋಡಿಸುವುದೇ ಸರಿ. ನಾಲ್ಕು ಹೆಜ್ಜೆ ನಡೆಯಲಾರದ ಅತಿಥಿ ನಮಗೆ ಬೇಡ.

ಹಿಸೆಯ ಮಾತು ಇನ್ನೂ ಸೂಕ್ಷ್ಮ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ತಂದೆ ಆಗ ಬದುಕಿದ್ದರೋ ಇಲ್ಲವೋ ಎಂಬುದು ಇದಕ್ಕೆ ಅಡ್ಡಿಯಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಗಬೇಕಾದದ್ದೇ ಆಯಿತು. ಹಾಗಾಗಿ ಅಕ್ಕತಂಗಿಯರನ್ನೂ ಕೂರಿಸಿ ಮಾತಾಡದೆ ಒಬ್ಬನೇ ಸಾಲ ತಂದು ಮನೆ ಎಬ್ಬಿಸಿದರೆ, ಹೆಂಚು ಹೊದಿಸುವ ಹೊತ್ತಿಗೆ ನೋಟಿಸು ಬಂದೀತು. ಎಲ್ಲರೂ ಸಹಿ ಹಾಕಿದರೂ ಒಂದು ಸಂಕಟ ಉಳಿಯುತ್ತದೆ. ಅಮ್ಮ ಹುಟ್ಟಿದ ಕತ್ತಲೆ ಕೋಣೆಗೆ ನಂಬರು ಬೀಳುತ್ತದೆ. ದೀಪಾವಳಿ ರಜೆಗೆ ಗಿರಾಕಿ ಹೆಚ್ಚು, ಮನೆಮಂದಿ ಸೇರಬೇಕಾದದ್ದೂ ಆಗಲೇ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನ್ನ ಕಣ್ಣು ಒಂದೇ ಪ್ರಶ್ನೆಯ ಮೇಲೆ ನಿಲ್ಲುತ್ತದೆ: ಆಷಾಢದ ಮಳೆಯಲ್ಲಿ, ಕರೆಂಟಿಲ್ಲದ ವಾರದಲ್ಲಿ, ಅಲ್ಲಿ ಇರುವವರು ಯಾರು? ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯೂ ಆರು ಕೋಣೆಯ ಮಿತಿ ಹಾಕಿ, ಮನೆಯವರು ಅಲ್ಲೇ ವಾಸವಿರಬೇಕು ಎನ್ನುತ್ತದೆ. ಅದು ನ್ಯಾಯವಾದ ಷರತ್ತು. ಯಾರಾದರೊಬ್ಬರು ಊರಿಗೆ ಮರಳಿ ಇರುವುದಾದರೆ ಎರಡೇ ಕೋಣೆಯಿಂದ ಶುರುಮಾಡಲಿ, ನಾನೂ ಕೈಲಾದಷ್ಟು ಹಾಕುತ್ತೇನೆ. ಬೆಂಗಳೂರಿನಲ್ಲಿ ಕೂತು ಮ್ಯಾನೇಜರನನ್ನಿಟ್ಟು ನಡೆಸುವುದಾದರೆ ಅದು ಲಾಡ್ಜು. ಅದಕ್ಕೆ ನನ್ನ ಒಪ್ಪಿಗೆಯಿಲ್ಲ.

ನಿಮ್ಮೂರಲ್ಲೂ ಇಂಥ ಮನೆಯೊಂದಿದ್ದರೆ ತೀರ್ಮಾನ ನಿಧಾನವಾಗಿ ಆಗಲಿ. ಮೇ ತಿಂಗಳು ಮುಗಿಯುವುದರೊಳಗೆ ಮಾತ್ರ ಒಬ್ಬರನ್ನು ಮಾಡು ಹತ್ತಿಸಿ, ಜಾರಿದ ಹೆಂಚು ಕೂರಿಸಿ.