ಇರುಳಿಗೆ ಸಲ್ಲಬೇಕಾದ ಗೌರವ

ಪಶುಪಕ್ಷಿಗಳನ್ನು ಒಡಹುಟ್ಟಿದವರಂತೆ ಕಂಡವರು ಅಸಿಸಿಯ ಸಂತ ಫ್ರಾನ್ಸಿಸರು. ಪ್ರತಿವರ್ಷ ಅಕ್ಟೋಬರ್ 4ರಂದು ಅವರ ಹಬ್ಬವನ್ನು ಆಚರಿಸುವ ನಾವು ಆ ಬಾಂಧವ್ಯವನ್ನು ಭಕ್ತಿಯ ಮಾತೆಂದು ಕೇಳಿ ಸುಮ್ಮನಾಗುವುದುಂಟು. ಆದರೆ ಜೀವಸಂಕುಲದೊಡನೆ ನಮಗಿರುವ ನಂಟು ನಮ್ಮ ಶರೀರದಲ್ಲಿಯೇ ಅಡಗಿದೆ. ದಿನವೂ ಬರುವ ನಿದ್ರೆಯೇ ಅದಕ್ಕೆ ಸಾಕ್ಷಿ.

ಮಾಗಿದ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣವನ್ನು ಯಾರು ತಾನೆ ಗಮನಿಸುತ್ತಾರೆ? ಆ ಹಣ್ಣುನೊಣದೊಳಗಿನ ಜೈವಿಕ ಗಡಿಯಾರದ ಗುಟ್ಟನ್ನು ಬಿಡಿಸಿದ್ದಕ್ಕಾಗಿ ಜೆಫ್ರಿ ಹಾಲ್, ಮೈಕಲ್ ರಾಸ್‌ಬಾಶ್, ಮೈಕಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಪಾರಿತೋಷಕ ಸಂದಿತು. ಹಗಲಿರುಳುಗಳ ಲೆಕ್ಕವಿಡುವ ನೊಣದ ಜೀನ್‌ಗಳನ್ನು ಹೋಲುವ ಜೀನ್‌ಗಳು ಮನುಷ್ಯನಲ್ಲಿಯೂ ಇವೆ. ನೊಣವೂ ನಿದ್ರಿಸುತ್ತದೆ; ನಿದ್ದೆಗೆಡಿಸಿದರೆ ಮರುದಿನ ಹೆಚ್ಚು ಮಲಗಿ ಕೊರತೆ ತುಂಬಿಕೊಳ್ಳುತ್ತದೆ; ಕಾಫಿಯಲ್ಲಿರುವ ಕೆಫೀನ್ ಅದನ್ನೂ ಎಚ್ಚರವಾಗಿರಿಸುತ್ತದೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ನಿದ್ರೆಯನ್ನು ಸೋಮಾರಿತನವೆಂದು ಹಳಿಯುವವರು ಇದನ್ನು ಅರಿಯಬೇಕು.

ನವಮಂಗಳೂರು ಬಂದರಿಗಾಗಿ ನೆಲೆ ಕಳೆದುಕೊಂಡ ಕುಟುಂಬಗಳ ಪುನರ್ವಸತಿಯಿಂದ ಬೆಳೆದ ಊರು ಕಾಟಿಪಳ್ಳ. ಬಂದರು, ಬೈಕಂಪಾಡಿಯ ಕೈಗಾರಿಕೆಗಳು, ತೈಲ ಶುದ್ಧೀಕರಣಾಗಾರ ಎಲ್ಲವೂ ಇದರ ಆಸುಪಾಸಿನಲ್ಲಿವೆ. ಇಂತಹ ಕಡೆ ರಾತ್ರಿ ಪಾಳಿಯ ದುಡಿಮೆ ಅನೇಕರಿಗೆ ಅನಿವಾರ್ಯ. ರಾತ್ರಿ ಪಾಳಿಯು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2007ರಲ್ಲಿ ವರ್ಗೀಕರಿಸಿ, 2019ರಲ್ಲಿ ಅದನ್ನೇ ಎತ್ತಿಹಿಡಿಯಿತು. ಹೀಗಿರುವಾಗ ಬೆಳಿಗ್ಗೆ ಮನೆಗೆ ಬಂದು ಮಲಗುವವರಿಗೆ ಕತ್ತಲ ಕೋಣೆಯನ್ನೂ ನಿಶ್ಶಬ್ದವನ್ನೂ ಒದಗಿಸುವುದು ಮನೆಯವರ ಕರ್ತವ್ಯವಲ್ಲವೇ?

ಇರುಳು ನಮಗೊಬ್ಬರಿಗೇ ಸೇರಿದ್ದೂ ಅಲ್ಲ. 2024ರಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಟ್ಟಾಗ ಅರಣ್ಯ ಇಲಾಖೆ ಅವುಗಳನ್ನು ಕಾಯಿತು. ಮೊಟ್ಟೆಯೊಡೆದು ಬರುವ ಆಮೆಮರಿಗಳು ಬೆಳಕಿನ ದಿಕ್ಕನ್ನೇ ಕಡಲೆಂದು ನಂಬಿ ಸಾಗುತ್ತವೆ. ದಡದ ಪ್ರಖರ ದೀಪಗಳು ಅವುಗಳಿಗೆ ದಾರಿ ತಪ್ಪಿಸುತ್ತವೆ. ರಾತ್ರಿಯಿಡೀ ಉರಿಯುವ ದೀಪ ಮನೆಯೊಳಗಿನ ಮಗುವಿನ ನಿದ್ರೆಗೂ ಮರಳಿನ ಮೇಲಿನ ಮರಿಗೂ ಒಂದೇ ಬಗೆಯ ಕಂಟಕ.

ನಮ್ಮ ಸಮುದಾಯದಲ್ಲಿಯೂ ತಿದ್ದಿಕೊಳ್ಳಬೇಕಾದುದಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದನ್ನು 2000ದ ಶಬ್ದಮಾಲಿನ್ಯ ನಿಯಮಗಳು ನಿರ್ಬಂಧಿಸಿವೆ. ಮದುವೆಯ ಮುನ್ನಾದಿನದ ರೋಸ್ ಸಂಭ್ರಮ ಆ ಗಡಿಯನ್ನು ದಾಟಿದರೆ ನೆರೆಮನೆಯ ರೋಗಿ, ಹಸುಳೆ, ಪಾಳಿಗೆ ಹೊರಡುವ ಕಾರ್ಮಿಕ ಎಲ್ಲರೂ ಬೆಲೆ ತೆರಬೇಕಾಗುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ರೆ ಬೇಕೆಂಬುದು ತಜ್ಞರ ಅಭಿಮತ. ಸಂಜೆಯ ಜಪಸರ, ಊಟಗಳ ಬಳಿಕ ಮೊಬೈಲನ್ನು ದೂರವಿರಿಸಿ, ಅಂಗಳದ ಅನಗತ್ಯ ದೀಪವನ್ನು ಆರಿಸಿ, ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಮಲಗಿಸುವ ಪರಿಪಾಠ ಪ್ರತಿಯೊಂದು ಕುಟುಂಬದಲ್ಲಿಯೂ ಈ ವಾರದಿಂದಲೇ ಆರಂಭವಾಗಲಿ.