ಮೋಡವೇರಿದ ದೂರವಾಣಿ: ಭಯವೂ ಬೇಡ, ಭ್ರಮೆಯೂ ಬೇಡ



ತುಮಕೂರು ನಗರದಲ್ಲಿ ಅಂಗಡಿ, ಗುಬ್ಬಿಯಲ್ಲಿ ಅದರ ಶಾಖೆ, ಕುಣಿಗಲಿನಲ್ಲಿ ಗೋದಾಮು, ಹೀಗೆ ಮೂರು ಊರುಗಳಲ್ಲಿ ವ್ಯವಹಾರ ಹರಡಿಕೊಂಡಿರುವ ಮನೆತನಗಳು ನಮ್ಮ ಸಮಾಜದಲ್ಲಿ ವಿರಳವಲ್ಲ. ಅಡಿಕೆ, ಕೊಬ್ಬರಿ, ರಾಗಿ, ಗೊಬ್ಬರ, ಬಟ್ಟೆ, ಯಾವ ವ್ಯಾಪಾರವೇ ಇರಲಿ, ಇಂತಹ ಮನೆಗಳಲ್ಲಿ ಈಗ ಒಂದು ಜಿಜ್ಞಾಸೆ ತಲೆದೋರಿದೆ. ಹಳೆಯ ಟೆಲಿಫೋನ್ ವ್ಯವಸ್ಥೆಯನ್ನು ತೆಗೆಸಿ ‘ಕ್ಲೌಡ್ ಟೆಲಿಫೋನ್’ ಹಾಕಿಸೋಣವೆಂದು ಮಕ್ಕಳು ಹೇಳುತ್ತಾರೆ; ಮೂವತ್ತು ವರ್ಷಗಳಿಂದ ಗಿರಾಕಿಗಳ ನಾಲಗೆಯ ಮೇಲಿರುವ ನಂಬರಿನ ಗತಿಯೇನೆಂದು ಹಿರಿಯರು ಕೇಳುತ್ತಾರೆ. ಒಬ್ಬರ ಮಾತಿನಲ್ಲಿ ಅತಿಯಾದ ಭರವಸೆ, ಇನ್ನೊಬ್ಬರ ಮಾತಿನಲ್ಲಿ ಅತಿಯಾದ ಅಂಜಿಕೆ. ಎರಡಕ್ಕೂ ಮೂಲ ಒಂದೇ. ಈ ಬದಲಾವಣೆಯಲ್ಲಿ ಯಾವುದು ಸ್ಥಳ ಬದಲಿಸುತ್ತದೆ, ಯಾವುದು ಇದ್ದಲ್ಲಿಯೇ ಉಳಿಯುತ್ತದೆ ಎಂಬುದು ಸ್ಪಷ್ಟವಾಗಿಲ್ಲ. ಈ ತಿಂಗಳು ಅದನ್ನೇ ವಿಚಾರ ಮಾಡೋಣ.

ಹಳೆಯ ವ್ಯವಸ್ಥೆಯ ಸ್ವರೂಪವನ್ನು ಮೊದಲು ನೆನೆಯಬೇಕು. ನಾಲ್ಕಾರು ಟೆಲಿಫೋನುಗಳಿರುವ ಅಂಗಡಿಯಲ್ಲಿ ಗೋಡೆಗೆ ಇ.ಪಿ.ಎ.ಬಿ.ಎಕ್ಸ್. ಎಂಬ ಪೆಟ್ಟಿಗೆ ಇರುತ್ತದೆ. ಹೊರಗಿನಿಂದ ಬಂದ ಲೈನನ್ನು ಅದು ಗಲ್ಲಾಪೆಟ್ಟಿಗೆಯ ಬಳಿಗೆ, ಲೆಕ್ಕದವರ ಕೋಣೆಗೆ, ಉಗ್ರಾಣಕ್ಕೆ ಹಂಚುತ್ತದೆ. ಒಳಗೊಳಗೇ ಮಾತನಾಡಲು ಇಂಟರ್‌ಕಾಂ ಆಗುತ್ತದೆ. ಅದರ ಅಧಿಕಾರ ಆ ಕಟ್ಟಡದ ಗೋಡೆಗಳ ಒಳಗೆ ಮಾತ್ರ. ತುಮಕೂರಿನ ಎಸ್.ಟಿ.ಡಿ. ಸಂಕೇತ 0816, ಗುಬ್ಬಿಯದು 08131, ಕುಣಿಗಲಿನದು 08132. ಮೂರು ಊರಿಗೆ ಮೂರು ಸಂಕೇತ, ಮೂರು ಪೆಟ್ಟಿಗೆ. ಹೊಸ ವ್ಯವಸ್ಥೆಯಲ್ಲಿ ಆ ಪೆಟ್ಟಿಗೆ ಮಾಡುತ್ತಿದ್ದ ಕೆಲಸವನ್ನು ಎಲ್ಲಿಯೋ ದೂರದ ಕಟ್ಟಡದಲ್ಲಿರುವ ಕಂಪ್ಯೂಟರುಗಳು ಮಾಡುತ್ತವೆ. ಅಂಗಡಿಯ ಟೆಲಿಫೋನು ಅಥವಾ ನೌಕರನ ಮೊಬೈಲು ಇಂಟರ್‌ನೆಟ್ಟಿನ ಮೂಲಕ ಅದಕ್ಕೆ ಜೋಡಣೆಗೊಳ್ಳುತ್ತದೆ. ಮೂರು ಊರುಗಳೂ ಒಂದೇ ಇಂಟರ್‌ಕಾಮಿನ ಕೆಳಗೆ ಬರುತ್ತವೆ. ಗುಬ್ಬಿಗೆ ಬಂದ ಕರೆಯನ್ನು ಕುಣಿಗಲಿನ ಗೋದಾಮಿಗೆ ದಾಟಿಸಬಹುದು. ಸಾರಾಂಶ ಇಷ್ಟೇ: ಪೆಟ್ಟಿಗೆ ನಮ್ಮ ಗೋಡೆಯಿಂದ ಪರರ ಮನೆಗೆ ಹೋಯಿತು, ನಾವು ಬಾಡಿಗೆ ಕೊಡತೊಡಗಿದೆವು.

ಟೆಲಿಫೋನಿನ ಕೀಲಿಕೈ ಪರರಲ್ಲಿರುವುದು ಹೊಸ ಸಂಗತಿಯೇನಲ್ಲ. ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬಾತ ಶವಸಂಸ್ಕಾರದ ವೃತ್ತಿಯವನು. ತನಗೆ ಬರುವ ಕರೆಗಳನ್ನು ಎಕ್ಸ್‌ಚೇಂಜಿನ ಆಪರೇಟರು ಪ್ರತಿಸ್ಪರ್ಧಿಗೆ ಜೋಡಿಸುತ್ತಿದ್ದಾಳೆಂಬ ಸಂಶಯದಿಂದ ಆತ ಮನುಷ್ಯರಿಲ್ಲದ ಎಕ್ಸ್‌ಚೇಂಜನ್ನು ಕಲ್ಪಿಸಿದನೆಂಬ ಕಥೆಯುಂಟು. 1891ರಲ್ಲಿ ಅದಕ್ಕೆ ಪೇಟೆಂಟ್ ಪಡೆದುದಂತೂ ದಾಖಲೆಯ ಮಾತು. ನಮ್ಮ ನಾಡಿನಲ್ಲಿ, 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ ಧೂಳು ಸೆಕೆಗಳನ್ನು ತಾಳಿಕೊಳ್ಳುವಂತೆ ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕಾರ್ಯಾರಂಭ ಮಾಡಿದ್ದು ಕಿತ್ತೂರಿನಲ್ಲಿ. ಅಂದೂ ಜನ ಯಂತ್ರವನ್ನು ಸಂಶಯದಿಂದಲೇ ನೋಡಿರಬಹುದು; ಬಳಸುತ್ತ ಬಳಸುತ್ತ ಅದರ ಗುಣದೋಷಗಳನ್ನು ಅರಿತರು. ಇಂದಿನ ಬದಲಾವಣೆಯನ್ನೂ ಹಾಗೆಯೇ ಪರಿಶೀಲಿಸಿ ಸ್ವೀಕರಿಸುವುದು ಯುಕ್ತ.

ಇನ್ನು ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಹೆಸರಿನಿಂದಲೇ ಹುಟ್ಟಿದ್ದು. ‘ಕ್ಲೌಡ್’ ಎಂದರೆ ಮೋಡ. ಆದುದರಿಂದ ಮಳೆಗಾಲದಲ್ಲಿ ಇದು ನಿಂತುಹೋದೀತೆಂದು ಕೆಲವರು ಭಾವಿಸುತ್ತಾರೆ. ಆ ಕಂಪ್ಯೂಟರುಗಳು ಇರುವುದು ನೆಲದ ಮೇಲಿನ ಭದ್ರವಾದ ಕಟ್ಟಡಗಳಲ್ಲಿ. ಅಲ್ಲಿ ಜನರೇಟರು, ಬ್ಯಾಟರಿ, ತಂಪುಗೊಳಿಸುವ ಯಂತ್ರಗಳೆಲ್ಲ ಉಂಟು. ಮಳೆಗಾಳಿಗೆ ಕಡಿದುಹೋಗಬಹುದಾದದ್ದು ನಮ್ಮ ಬೀದಿಯ ಕೇಬಲ್ಲು. ಎಚ್ಚರ ಇರಬೇಕಾದದ್ದು ಅಲ್ಲಿ.

ಎರಡನೆಯದು, ಇದಕ್ಕೆ ಭಾರಿ ವೇಗದ ಇಂಟರ್‌ನೆಟ್ ಬೇಕೆಂಬುದು. ಸಾಮಾನ್ಯ ಬಳಕೆಯ ಒಂದು ಪದ್ಧತಿಯಲ್ಲಿ ಧ್ವನಿಗೆ ತಗಲುವುದು ಸೆಕೆಂಡಿಗೆ 64 ಕಿಲೋಬಿಟ್. ವಿಳಾಸ ಮುಂತಾದ ಹೊದಿಕೆ ಸೇರಿದರೆ ಒಂದು ದಿಕ್ಕಿಗೆ 80ರಿಂದ 100. ಏಕಕಾಲಕ್ಕೆ ಐದು ಕರೆಗಳು ನಡೆದರೂ ಅರ್ಧ ಮೆಗಾಬಿಟ್ ಸಾಕು. ಇಲ್ಲಿ ವೇಗಕ್ಕಿಂತ ಮುಖ್ಯವಾದದ್ದು ಸ್ಥಿರತೆ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿರುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅದೇ ಸಂಪರ್ಕದಲ್ಲಿ ಯಾರೋ ಸಿನಿಮಾ ನೋಡುತ್ತಿದ್ದರೆ ರೈತನ ಮಾತು ತುಂಡುತುಂಡಾಗಿ ಕೇಳಿಸೀತು. ರೂಟರಿನಲ್ಲಿ ಧ್ವನಿಗೆ ಆದ್ಯತೆ ಕೊಡಿಸಿ, ಇನ್ನೊಂದು ಸಂಪರ್ಕವನ್ನು ಆಪತ್ತಿಗೆಂದು ಇರಿಸಿಕೊಳ್ಳತಕ್ಕದ್ದು.

ಮೂರನೆಯದು, ಕರೆಂಟು ಹೋದರೂ ಹಳೆಯ ಫೋನಿನಂತೆ ಇದೂ ಮಾತಾಡುತ್ತದೆಂಬ ನಂಬಿಕೆ. ತಾಮ್ರದ ತಂತಿಯ ಟೆಲಿಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದಲೇ ಸುಮಾರು 48 ವೋಲ್ಟಿನ ವಿದ್ಯುತ್ತು ಅದೇ ತಂತಿಯಲ್ಲಿ ಹರಿದು ಬರುತ್ತಿತ್ತು. ಆದ್ದರಿಂದ ಮನೆ ಕತ್ತಲಾದರೂ ಅದು ರಿಂಗಣಿಸುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ರೂಟರಿಗೂ ಮೇಜಿನ ಫೋನಿಗೂ ನಾವೇ ವಿದ್ಯುತ್ತು ಒದಗಿಸಬೇಕು, ಯು.ಪಿ.ಎಸ್. ಇಲ್ಲದ ಅಂಗಡಿಯಲ್ಲಿ ಇದು ಮೂಕ. ಆದರೆ ಒಂದು ಅನುಕೂಲವೂ ಉಂಟು: ಅಂಗಡಿ ಕತ್ತಲಾದರೂ ದೂರದ ಕಂಪ್ಯೂಟರು ಎಚ್ಚರವಾಗಿಯೇ ಇರುವುದರಿಂದ ಕರೆಯನ್ನು ಯಜಮಾನರ ಮೊಬೈಲಿಗೆ ತಿರುಗಿಸುವಂತೆ ಮೊದಲೇ ಹೇಳಿಟ್ಟಿರಬಹುದು. ಬೆಂಕಿ, ಅಪಘಾತ ಮುಂತಾದ ತುರ್ತಿನಲ್ಲಿ 112ಕ್ಕೆ ಸಾಮಾನ್ಯ ಮೊಬೈಲಿನಿಂದಲೇ ಕರೆ ಮಾಡಬೇಕೆಂದು ನೌಕರರಿಗೆಲ್ಲ ತಿಳಿಸಿರಬೇಕು. ಕರೆ ಇಂಟರ್‌ನೆಟ್ಟಿನ ಮೂಲಕ ಹೋದಾಗ ಅದು ಯಾವ ಊರಿನಿಂದ ಬಂದಿತೆಂಬುದು ಸರಿಯಾಗಿ ತಿಳಿಯದೆ ಹೋಗಬಹುದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ‘ನಂಬರು ತಾನಾಗಿಯೇ ಬರುತ್ತದೆ’ ಎಂದು ಮಾರಲು ಬಂದವರು ಹೇಳಿದರೆ ಕೂಡಲೇ ತಲೆಯಾಡಿಸಬೇಡಿ. ಸಂಸ್ಥೆ ಬದಲಿಸಿದರೂ ನಂಬರು ಉಳಿಸಿಕೊಳ್ಳುವ ಸೌಕರ್ಯ ನಮ್ಮ ದೇಶದಲ್ಲಿ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಆರಂಭವಾಗಿ 2011ರ ಜನವರಿಯಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಅದು ಮೊಬೈಲ್ ನಂಬರುಗಳಿಗಾಗಿ ಮಾಡಿದ ಏರ್ಪಾಡು. 0816ರಿಂದ ಆರಂಭವಾಗುವ ಸ್ಥಿರ ದೂರವಾಣಿಯ ನಂಬರಿಗೆ ಅದು ಅನ್ವಯಿಸುವುದಿಲ್ಲ. ಆದುದರಿಂದ ಈಗಿರುವ ಸಂಸ್ಥೆಯೇ ಅದೇ ನಂಬರಿನಲ್ಲಿ ಹೊಸ ಸೇವೆ ಕೊಡಬಲ್ಲುದೇ ಎಂದು ಮೊದಲು ಲಿಖಿತವಾಗಿ ಕೇಳಿ. ಕೊಡಲಾಗದಿದ್ದರೆ ಹಳೆಯ ಲೈನನ್ನು ಜೀವಂತವಾಗಿರಿಸಿ, ಅದಕ್ಕೆ ಬರುವ ಕರೆಗಳನ್ನು ಹೊಸ ನಂಬರಿಗೆ ತಿರುಗಿಸುವ ವ್ಯವಸ್ಥೆ ಮಾಡಿಸಿ. ಕೊಡ ಮೇಲಕ್ಕೆ ಬರುವ ಮುನ್ನವೇ ಹಗ್ಗ ಕೊಯ್ಯುವುದು ವಿವೇಕವಲ್ಲ. ಪಂಚಾಂಗದ ಮೇಲೆ, ಚೀಲದ ಮೇಲೆ, ರಸೀದಿಯ ಮೇಲೆ ಅಚ್ಚಾಗಿರುವ ಆ ಅಂಕಿಗಳು ಒಂದು ಮನೆತನ ಗಳಿಸಿದ ವಿಶ್ವಾಸ. ಹತ್ತು ವರ್ಷಗಳ ಹಿಂದಿನ ಚೀಟಿ ಹಿಡಿದು ಯಾವುದೋ ಹಳ್ಳಿಯಿಂದ ಕರೆ ಮಾಡಿದವನಿಗೆ ‘ಈ ನಂಬರು ಚಾಲ್ತಿಯಲ್ಲಿಲ್ಲ’ ಎಂದು ಕೇಳಿಸಿದರೆ ಅಂಗಡಿಯೇ ಮುಚ್ಚಿತೆಂದು ಅವನು ತಿಳಿದಾನು. ಹೊಸ ನಂಬರಿನ ದಾಖಲೆಯೂ ಅಂಗಡಿಯ ಹೆಸರಿನಲ್ಲಿಯೇ ಇರಬೇಕು. ಅದನ್ನು ಹಾಕಿಸಿಕೊಟ್ಟ ಮಧ್ಯಸ್ಥನ ಅಥವಾ ನೌಕರನ ಹೆಸರಿನಲ್ಲಿ ಇರಕೂಡದು. ನಂಬರು ಪರವಾನಗಿ ಪಡೆದ ದೂರಸಂಪರ್ಕ ಸಂಸ್ಥೆಯ ಮೂಲಕವೇ ಬಂದಿದೆಯೇ ಎಂಬುದನ್ನೂ ವಿಚಾರಿಸಿ.

ಐದನೆಯದು, ಇದು ಬಹುತೇಕ ಪುಕ್ಕಟೆಯೆಂಬ ಮಾತು. ಪೆಟ್ಟಿಗೆಯನ್ನು ಕೊಳ್ಳುವ ಹಣ ಉಳಿಯುತ್ತದೆ, ನಿಜ. ತಿಂಗಳ ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಲೆಕ್ಕಕ್ಕಾಗಿ ಒಬ್ಬರಿಗೆ ತಿಂಗಳಿಗೆ 500 ರೂಪಾಯಿ ಎಂದು ಹಿಡಿಯೋಣ. ಆರು ಜನಕ್ಕೆ 3,000. ಶೇಕಡ 18ರ ಜಿ.ಎಸ್.ಟಿ. ಸೇರಿ 3,540, ವರ್ಷಕ್ಕೆ 42,480 ರೂಪಾಯಿ. ನಂಬರಿನ ಬಾಡಿಗೆ, ಕರೆಗಳ ದರ, ಇಂಟರ್‌ನೆಟ್ಟಿನ ವೆಚ್ಚ ಬೇರೆ. ಮೂರು ಊರುಗಳ ವ್ಯವಹಾರಕ್ಕೆ ಇದು ಸಾರ್ಥಕವಾಗಬಹುದು. ಒಂದೇ ಅಂಗಡಿ, ಇಬ್ಬರೇ ನೌಕರರು ಇರುವವರಿಗೆ ಒಂದು ಮೊಬೈಲೇ ಸಾಕಾದೀತು. ನೆರೆಯವನು ಹಾಕಿಸಿದನೆಂದು ನಾವೂ ಹಾಕಿಸಬೇಕೆಂಬ ನಿಯಮವೇನೂ ಇಲ್ಲ.

ಆರನೆಯದು ಭದ್ರತೆಯ ವಿಷಯ. ಪರರ ಕಂಪ್ಯೂಟರಿನಲ್ಲಿದ್ದರೆ ಎಲ್ಲವೂ ಸೋರಿಹೋಗುತ್ತದೆಂಬುದು ಒಂದು ಅತಿರೇಕ. ಅವರೇ ಎಲ್ಲವನ್ನೂ ಕಾಯುತ್ತಾರೆಂಬುದು ಇನ್ನೊಂದು. ಸುಲಭವಾದ ಪಾಸ್‌ವರ್ಡನ್ನು ಊಹಿಸಿ, ರಾತ್ರೋರಾತ್ರಿ ವಿದೇಶಗಳಿಗೆ ಕರೆ ಮಾಡಿ, ಬಿಲ್ಲನ್ನು ಮಾಲೀಕನ ತಲೆಗೆ ಕಟ್ಟುವ ವಂಚನೆ ಜಗತ್ತಿನಲ್ಲೆಲ್ಲ ನಡೆಯುತ್ತದೆ. ಹಿಂದೆ ಎಸ್.ಟಿ.ಡಿ., ಐ.ಎಸ್.ಡಿ. ಲೈನುಗಳಿಗೆ ಬೀಗ ಹಾಕಿಸುತ್ತಿದ್ದ ಜಾಣ್ಮೆಯನ್ನು ಇಲ್ಲಿಯೂ ಬಿಡಬೇಡಿ: ಬೇಡದ ವಿದೇಶೀ ಕರೆಗಳನ್ನು ಮುಚ್ಚಿಸಿ, ನೌಕರ ಕೆಲಸ ಬಿಟ್ಟ ದಿನವೇ ಅವನ ಪ್ರವೇಶವನ್ನು ರದ್ದುಗೊಳಿಸಿ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತಿದೆ. ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಕರೆಯನ್ನೂ ಧ್ವನಿಮುದ್ರಿಸಿಡುವುದು ಸುಲಭ. ರೈತನೊಬ್ಬ ತನ್ನ ಸಾಲವನ್ನು, ಮಗಳ ಮದುವೆಯ ಖರ್ಚನ್ನು ನಂಬುಗೆಯಿಂದ ಹೇಳಿಕೊಳ್ಳುವಾಗ ಅವನಿಗೆ ಅರಿವಿಲ್ಲದೆ ಮುದ್ರಿಸಿಕೊಳ್ಳುವುದು ಸಲ್ಲದು. ವೈಯಕ್ತಿಕ ಮಾಹಿತಿಯನ್ನು ಬಳಸುವಾಗ ಒಡೆಯನ ಸಮ್ಮತಿಗೆ ಬೆಲೆ ಕೊಡಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಆಶಯ. ಕಾಯಿದೆ ಬರುವ ಮೊದಲೂ ಅದು ವ್ಯಾಪಾರಧರ್ಮವೇ ಆಗಿತ್ತು.

ಕೊನೆಯದು, ಯಂತ್ರವೇ ಉತ್ತರಿಸುವುದರಿಂದ ಮನುಷ್ಯರು ಬೇಡವೆಂಬ ಭ್ರಮೆ. ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎಂದು ಪರಭಾಷೆಯಲ್ಲಿ ಉದ್ದಕ್ಕೆ ಹೇಳುವ ಧ್ವನಿಯನ್ನು ಕೇಳಿ, ಗುಬ್ಬಿಯ ಕಡೆಯ ವಯೋವೃದ್ಧ ಗಿರಾಕಿ ಫೋನು ಇಟ್ಟುಬಿಟ್ಟರೆ ಯಾರಿಗೆ ನಷ್ಟ? ಸ್ವಾಗತದ ನುಡಿ ಕನ್ನಡದಲ್ಲಿರಲಿ, ಎರಡು ವಾಕ್ಯ ಮೀರದಿರಲಿ, ಏನನ್ನೂ ಒತ್ತದವರಿಗೆ ನೇರವಾಗಿ ಮನುಷ್ಯರೇ ದೊರೆಯುವಂತಿರಲಿ.

ಹಾಗಾದರೆ ಮಾಡಬೇಕಾದುದೇನು? ಮೂರು ಊರುಗಳಲ್ಲಿಯೂ ಒಂದೇ ದಿನ ಬದಲಿಸದೆ, ಮೊದಲು ಚಿಕ್ಕ ಶಾಖೆಯೊಂದರಲ್ಲಿ ಒಂದು ತಿಂಗಳು ಪರೀಕ್ಷಿಸಿ. ಸುಗ್ಗಿಯ ಒತ್ತಡದ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಫ್ಯಾಕ್ಸ್, ಕಳ್ಳಗಂಟೆ, ಕಾರ್ಡು ಉಜ್ಜುವ ಯಂತ್ರ ಮುಂತಾದವು ಹಳೆಯ ಲೈನನ್ನೇ ಅವಲಂಬಿಸಿವೆಯೇ ಎಂದು ನೋಡಿಕೊಳ್ಳಿ. ಒಪ್ಪಂದವನ್ನು ಬಿಡಬೇಕಾದರೆ ನಂಬರು ಯಾರದಾಗುತ್ತದೆ, ಹಳೆಯ ಕರೆಗಳ ದಾಖಲೆ ಯಾರಲ್ಲಿ ಉಳಿಯುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ಓದಿಕೊಳ್ಳಿ. ಓದುವ ಕೆಲಸ ಮಕ್ಕಳದಾಗಲಿ, ಪ್ರಶ್ನೆ ಕೇಳುವ ಕೆಲಸ ಹಿರಿಯರದಾಗಲಿ. ಹೊಸದನ್ನು ಬಲ್ಲವರೂ ಗಿರಾಕಿಯನ್ನು ಬಲ್ಲವರೂ ಒಟ್ಟಿಗೆ ಕುಳಿತು ತೀರ್ಮಾನಿಸಿದ ಮನೆಯಲ್ಲಿ ವ್ಯವಹಾರ ಕೆಡುವುದಿಲ್ಲವೆಂಬುದು ನಮ್ಮ ನಂಬಿಕೆ. ಪೆಟ್ಟಿಗೆ ಎಲ್ಲಿಯೇ ಇರಲಿ, ಕರೆದವರಿಗೆ ‘ಹೇಳಿ, ಏನಾಗಬೇಕು?’ ಎಂದು ಸೌಜನ್ಯದಿಂದ ಓಗೊಡುವ ಹೊಣೆ ಅಂಗಡಿಯವರದೇ.