ನೋಡಿದರೆ ಓದಿದಂತಾಯಿತೆ?



"ಶಾಲೆಯಲ್ಲಿ ಸಿನಿಮಾ ತೋರಿಸಿಬಿಟ್ಟಿದ್ದಾರೆ ಸಾರ್, ಇನ್ನು ನಾಟಕ ಓದುವ ತಾಪತ್ರಯವಿಲ್ಲ" ಎಂಬ ಮಾತನ್ನು ಈಚಿನ ವರ್ಷಗಳಲ್ಲಿ ನಿಮ್ಮಲ್ಲೇ ಹಲವರ ಬಾಯಿಂದ ಕೇಳಿದ್ದೇನೆ. ಮಕ್ಕಳ ತಲೆಯ ಮೇಲಿನ ಒಂದು ಹೊರೆ ಇಳಿಯಿತಲ್ಲ ಎಂಬ ನೆಮ್ಮದಿಯಿಂದಲೇ ಅವರು ಹಾಗೆ ಹೇಳುತ್ತಾರೆ. ನನಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಮೈಯುರಿಯುತ್ತದೆ. ದಶಕಗಳ ಕಾಲ ಇಂಗ್ಲಿಷ್ ಪಾಠ ಹೇಳಿದವನಿಗೆ ಅಷ್ಟು ಉರಿದುಕೊಳ್ಳುವ ಅಧಿಕಾರ ಇದ್ದೀತೆಂದು ನಂಬಿ, ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಮೊಮ್ಮಗಳು ಬೇಸಿಗೆ ರಜೆಗೆ ಬಂದಿದ್ದಳು. ಅವಳ ಪಠ್ಯದಲ್ಲಿ ಷೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ಇತ್ತು. ಅವಳ ನೋಟ್‌ಬುಕ್ಕನ್ನು ತಿರುವಿ ಹಾಕುತ್ತಿದ್ದಾಗ ಒಂದು ಉತ್ತರ ಕಣ್ಣಿಗೆ ಬಿತ್ತು: ಶೈಲಾಕನ ಮಗಳು ಜೆಸ್ಸಿಕಾ ತಾಯಿಯ ಉಂಗುರವನ್ನು ಯಾರಿಗೂ ಕೊಡಲಿಲ್ಲ, ಅದು ಕಡೆಯವರೆಗೆ ಅವಳ ಬೆರಳಿನಲ್ಲಿಯೇ ಇತ್ತು. ಪಕ್ಕದಲ್ಲಿ ಕೆಂಪು ಶಾಯಿಯ ‘ಗುಡ್’.

"ಇದು ಯಾವ ಅಂಕದಲ್ಲಿದೆ ಮಗೂ?" ಎಂದೆ.

"ಕೊನೇಲಿ ತಾತ. ನೀರಿನ ದಡದಲ್ಲಿ ನಿಂತು ಉಂಗುರ ನೋಡ್ಕೋತಾಳಲ್ಲ!"

ನಾಟಕದಲ್ಲಿ ಅಂಥ ದಡವೂ ಇಲ್ಲ, ಆ ನೋಟವೂ ಇಲ್ಲ. ಮೂರನೆಯ ಅಂಕದ ಮೊದಲ ದೃಶ್ಯದಲ್ಲಿ ಟ್ಯೂಬಲ್ ಎಂಬ ಗೆಳೆಯ ಬಂದು, ಓಡಿಹೋದ ಮಗಳು ಒಂದು ಕೋತಿಗಾಗಿ ಉಂಗುರವನ್ನು ಕೊಟ್ಟುಬಿಟ್ಟಳಂತೆ ಎಂದು ಶೈಲಾಕನಿಗೆ ತಿಳಿಸುತ್ತಾನೆ. ಮದುವೆಗೆ ಮುನ್ನ ಲೇಯಾ ತನಗಿತ್ತ ಉಂಗುರ ಅದು ಎಂದು ಮುದುಕ ಸಂಕಟಪಡುತ್ತಾನೆ. ಅಷ್ಟೇ. ಸುದ್ದಿ ನಿಜವೋ, ಗಾಳಿಮಾತೋ ಎಂಬುದನ್ನು ನಾಟಕಕಾರ ಹೇಳುವುದಿಲ್ಲ. ಬೆರಳಿನಲ್ಲಿ ಉಂಗುರವನ್ನು ಉಳಿಸಿದವರು 2004ರಲ್ಲಿ ಈ ನಾಟಕವನ್ನು ಚಲನಚಿತ್ರವಾಗಿಸಿದ ಮೈಕೆಲ್ ರ್‍ಯಾಡ್‌ಫೋರ್ಡ್. ಉತ್ತರ ಬರೆದ ಹುಡುಗಿಯನ್ನು ನಾನು ದೂರುವುದಿಲ್ಲ. ಅವಳು ಕಂಡದ್ದನ್ನು ಬರೆದಳು. ‘ಗುಡ್’ ಎಂದವರು ಪುಸ್ತಕವನ್ನು ತೆರೆದಿರಲಿಲ್ಲವೆಂಬುದು ಮಾತ್ರ ಸ್ಪಷ್ಟ.

ಚಿತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದನ್ನು ಎರಡು ಸಲ ನೋಡಿದ್ದೇನೆ; ಅಲ್ ಪಚೀನೊನ ಶೈಲಾಕ್ ಮನಸ್ಸಿನಿಂದ ಅಳಿಸುವಂಥವನಲ್ಲ. ಉಂಗುರವನ್ನು ಮಗಳ ಬೆರಳಿನಲ್ಲಿ ಉಳಿಸಿದ್ದೂ ಕರುಣೆಯುಳ್ಳ, ಆಲೋಚಿಸಿದ ವ್ಯಾಖ್ಯಾನವೇ. ಆದರೆ ಅದು ವ್ಯಾಖ್ಯಾನ. ಕಾಳಿದಾಸನಿಗೆ ಮಲ್ಲಿನಾಥನ ಟೀಕೆಯಿದೆ. ಟೀಕೆಯನ್ನೋದಿ ಮೂಲವನ್ನು ಮುಚ್ಚಿಟ್ಟವನನ್ನು ಯಾರೂ ವಿದ್ವಾಂಸನೆನ್ನರು. ನಮ್ಮ ಗಮಕ ಸಂಪ್ರದಾಯವನ್ನೇ ನೋಡಿ. ಕುಮಾರವ್ಯಾಸನ ಪದ್ಯವನ್ನು ವಾಚಿಸುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ಪದ್ಯ ಮುಗಿದು ವ್ಯಾಖ್ಯಾನ ತೊಡಗಿದ್ದು ಕೇಳುವ ಹಳ್ಳಿಗನಿಗೂ ತಿಳಿಯುತ್ತದೆ. ಅರ್ಥ ರುಚಿಸದಿದ್ದರೆ ಜಗಲಿಯ ಮೇಲೆ ಕುಳಿತು ಜಗಳವಾಡುವಷ್ಟು ಸ್ವಾತಂತ್ರ್ಯವೂ ಅವನಿಗಿರುತ್ತದೆ. ಚಲನಚಿತ್ರದಲ್ಲಿ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆ. ಕವಿಯ ಮಾತೆಲ್ಲಿ ಮುಗಿಯಿತು, ನಿರ್ದೇಶಕನ ಮಾತೆಲ್ಲಿ ತೊಡಗಿತು ಎಂಬುದು ಮೂಲವನ್ನೋದದವನಿಗೆ ಕಾಣುವ ಬಗೆಯೇ ಇಲ್ಲ.

ಇನ್ನೊಂದು ಉದಾಹರಣೆಯನ್ನು ಕೊಡುತ್ತೇನೆ. ಇದು ನನಗೆ ಉಂಗುರಕ್ಕಿಂತ ಮುಖ್ಯವಾದದ್ದು. ಚಿತ್ರ 1596ರ ವೆನಿಸ್ಸಿನಲ್ಲಿ, ಯಹೂದಿಗಳ ಮೇಲೆ ನಡೆಯುವ ದೌರ್ಜನ್ಯದೊಡನೆ ಆರಂಭವಾಗುತ್ತದೆ. ಮೊದಲ ಕೆಲವೇ ನಿಮಿಷಗಳಲ್ಲಿ ವರ್ತಕ ಆಂಟೋನಿಯೊ ಶೈಲಾಕನ ಮುಖಕ್ಕೆ ಉಗುಳುತ್ತಾನೆ. ಅಲ್ಲಿಗೆ ನೋಡುವವನ ಮನಸ್ಸು ಪಕ್ಷ ಹಿಡಿದಾಯಿತು. ಷೇಕ್ಸ್‌ಪಿಯರ್ ಹೀಗೆ ಮಾಡಿಲ್ಲ. ಅವನ ಆಂಟೋನಿಯೊ ಕಾರಣ ತಿಳಿಯದ ದುಗುಡದಲ್ಲಿರುವ ಸಭ್ಯನಾಗಿ ನಮ್ಮ ಮುಂದೆ ಬರುತ್ತಾನೆ. ಗೆಳೆಯನಿಗಾಗಿ ಇದ್ದಬದ್ದುದೆಲ್ಲವನ್ನೂ ತೆರೆದಿಡುವ ಉದಾರಿ. ನಾವು ಅವನನ್ನು ಮೆಚ್ಚುತ್ತೇವೆ. ಮೂರನೆಯ ದೃಶ್ಯದಲ್ಲಿ ಶೈಲಾಕ್, ನನ್ನ ಗಡ್ಡದ ಮೇಲೆ ಉಗುಳಿದವನು ಈಗ ನನ್ನಲ್ಲೇ ಸಾಲ ಕೇಳುತ್ತಿದ್ದಾನಲ್ಲ ಎಂದಾಗ, ಈ ಸಭ್ಯ ಅದನ್ನು ಅಲ್ಲಗಳೆಯಲಿ ಎಂದು ಒಳಗೊಳಗೇ ಬಯಸುತ್ತೇವೆ. ಅವನೋ, ಮತ್ತೊಮ್ಮೆ ಉಗುಳಿಯೇನು, ಒದ್ದೇನು ಎನ್ನುತ್ತಾನೆ! ನಾವು ಮೆಚ್ಚಿದ ಮನುಷ್ಯ, ಅವನದೇ ಬಾಯಿಂದ. ಒಳ್ಳೆಯವನೆಂದು ನಾಲ್ವರು ಹೊಗಳುವವನಲ್ಲಿ ಇಂಥ ವಿಷ ಹೇಗಿರುತ್ತದೆ, ಅದನ್ನರಿಯದೆ ಅವನನ್ನು ನಾವೇಕೆ ಮೆಚ್ಚಿದೆವು ಎಂದು ಓದುವ ಹುಡುಗ ಬೆಚ್ಚಬೇಕಾದ ಗಳಿಗೆ ಅದು. ಚಿತ್ರ ಅದನ್ನು ಮೊದಲೇ ಖರ್ಚು ಮಾಡಿಬಿಡುತ್ತದೆ.

ನ್ಯಾಯಾಲಯದ ದೃಶ್ಯವೂ ಹಾಗೆಯೇ. ವೇಷ ಮರೆಸಿಕೊಂಡು ಬಂದ ಪೋರ್ಷಿಯಾ ಮೊಟ್ಟಮೊದಲು ಕೇಳುವುದು, ಇವರಲ್ಲಿ ವರ್ತಕನಾರು, ಯಹೂದಿಯಾರು ಎಂದು. ಶೈಲಾಕನ ಉಡುಪೇ ಬೇರೆಯೆಂದು ನಾಟಕ ಮೊದಲೇ ಹೇಳಿದೆ, ಆದರೂ ಕೇಳುತ್ತಾಳೆ. ನ್ಯಾಯಪೀಠದ ರೂಢಿಯ ಪ್ರಶ್ನೆಯೇ? ಸೋಗೇ? ಅಥವಾ ಈ ಇಬ್ಬರಲ್ಲಿ ಅಂಥ ಅಂತರವೇನೂ ಇಲ್ಲವೆಂಬ ಕವಿಯ ಕುಹಕವೇ? ಪುಸ್ತಕ ಕೈಯಲ್ಲಿದ್ದರೆ ಓದು ನಿಲ್ಲುತ್ತದೆ, ಯೋಚನೆ ಹುಟ್ಟುತ್ತದೆ. ತೆರೆಯ ಮೇಲೆ ಮುಖ, ಗಡ್ಡ, ಬಟ್ಟೆಗಳು ಉತ್ತರ ಕೊಟ್ಟಾಗಿರುತ್ತವೆ. ಪ್ರಶ್ನೆ ಒಂದು ಕ್ಷಣದಲ್ಲಿ ಸರಿದುಹೋಗುತ್ತದೆ.

‘ನಾಟಕ ಬರೆದದ್ದೇ ನೋಡುವುದಕ್ಕಲ್ಲವೇ?’ ಎಂಬುದು ಎದುರಾಳಿಗಳ ಬ್ರಹ್ಮಾಸ್ತ್ರ. ಹೌದು, ರಂಗದ ಮೇಲೆ ನೋಡುವುದಕ್ಕೆ. ರಂಗದ ಮೇಲೆ ಒಬ್ಬ ಮಾತಾಡುತ್ತಿರುವಾಗ ಮೂಲೆಯಲ್ಲಿ ನಿಂತವನ ಮುಖವನ್ನು ನೋಡುವ ಆಯ್ಕೆ ನನಗಿದೆ. ಕ್ಯಾಮೆರಾ ಆ ಆಯ್ಕೆಯನ್ನು ನನ್ನಿಂದ ಕಸಿದುಕೊಂಡು ತಾನೇ ಮಾಡುತ್ತದೆ. ನಾಳೆಯ ಪ್ರಯೋಗ ಇಂದಿನಂತಿರುವುದಿಲ್ಲ. ಮುದ್ರಿತವಾದ ಚಿತ್ರ ಎಂದೆಂದಿಗೂ ಅದೇ. ‘ಈಗಿನ ಮಕ್ಕಳು ಓದುವುದಿಲ್ಲ’ ಎನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ; ಮೊದಲು ಅವರು ತಾವು ಈಚೆಗೆ ಏನು ಓದಿದರೆಂದು ಹೇಳಲಿ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪಂಗಡವುಂಟು: ಮೂಲದಲ್ಲಿದ್ದಂತೆ ಇಲ್ಲ ಎಂದು ಪ್ರತಿ ರೂಪಾಂತರಕ್ಕೂ ಮೂಗು ಮುರಿಯುವವರು. ನಾನು ಅವರ ಕಡೆಯವನಲ್ಲ. ಅಕಿರಾ ಕುರೊಸಾವಾ 1957ರಲ್ಲಿ ‘ಮ್ಯಾಕ್‌ಬೆತ್’ ನಾಟಕವನ್ನು ಜಪಾನಿನ ಯೋಧರ ಕಥೆಯಾಗಿಸಿದಾಗ ಷೇಕ್ಸ್‌ಪಿಯರನ ಕಾವ್ಯವನ್ನೇ ಕೈಬಿಟ್ಟ. ಮೂವರು ಮಾಟಗಾತಿಯರ ಬದಲು ರಾಟೆ ತಿರುಗಿಸುವ ಒಂದೇ ಪ್ರೇತವನ್ನು ಕೂರಿಸಿದ. ನಾಯಕನನ್ನು ಅವನ ಸೈನಿಕರ ಬಾಣಗಳಿಂದಲೇ ಕೊಲ್ಲಿಸಿದ. ನಮ್ಮ ಗಿರೀಶ ಕಾರ್ನಾಡರು 1984ರಲ್ಲಿ ಶೂದ್ರಕನ ‘ಮೃಚ್ಛಕಟಿಕ’ವನ್ನು ‘ಉತ್ಸವ್’ ಎಂಬ ಹಿಂದಿ ಚಿತ್ರವಾಗಿಸಿದಾಗ ವಾತ್ಸ್ಯಾಯನನನ್ನೇ ಒಂದು ಪಾತ್ರವಾಗಿ ತಂದರು. ವಸಂತಸೇನೆಗೆ ಹತ್ತನೆಯ ಅಂಕದಲ್ಲಿ ಹೊಸ ಅರಸನಿಂದ ದೊರೆಯುವ ಕುಲವಧುವಿನ ಪಟ್ಟವನ್ನು ಕೊಡಲಿಲ್ಲ. ಇವು ಮೂಲದೊಡನೆ ಬಹಿರಂಗವಾಗಿ ವಾದಕ್ಕಿಳಿದ ಕೃತಿಗಳು. ಇವನ್ನು ತೋರಿಸಿ ‘ಪಾಠ ಮುಗಿಯಿತು’ ಎನ್ನುವ ಧೈರ್ಯ ಯಾವ ಅಧ್ಯಾಪಕನಿಗೂ ಬಾರದು. ಅಪಾಯವಿರುವುದು ನಿಷ್ಠಾವಂತ ಚಿತ್ರಗಳಲ್ಲಿ. ಅದೇ ಹೆಸರು, ಅದೇ ಊರು, ಬಹುಮಟ್ಟಿಗೆ ಅದೇ ಮಾತು. ಆದ್ದರಿಂದಲೇ ಅವು ಮೂಲದ ಪೀಠದಲ್ಲಿ ಸದ್ದಿಲ್ಲದೆ ಕುಳಿತುಬಿಡುತ್ತವೆ.

ಒಂದು ಉಂಗುರಕ್ಕೆ, ಒಂದು ಉಗುಳಿಗೆ ಇಷ್ಟು ರಂಪವೇಕೆ ಎನ್ನಬಹುದು. 1943ರಲ್ಲಿ, ನಾಜಿಗಳ ವಶದಲ್ಲಿದ್ದ ವಿಯೆನ್ನಾ ನಗರದ ಬುರ್ಗ್‌ಥಿಯೇಟರಿನಲ್ಲಿ ಇದೇ ನಾಟಕ ನಡೆಯಿತು. ವೆರ್ನರ್ ಕ್ರೌಸ್ ಎಂಬ ಪ್ರಖ್ಯಾತ ನಟ ಶೈಲಾಕನನ್ನು ಹೇಸಿಗೆ ಹುಟ್ಟಿಸುವ ವಿಕಾರಮೂರ್ತಿಯನ್ನಾಗಿ ಆಡಿದ. ಆ ನಗರದ ಯಹೂದಿಗಳನ್ನು ಅಷ್ಟರಲ್ಲಿ ಮರಣ ಶಿಬಿರಗಳಿಗೆ ಸಾಗಿಸಲಾಗಿತ್ತು. ಪ್ರೇಕ್ಷಕರು ಕಂಡದ್ದೂ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕವನ್ನೇ. ಒಂದೇ ಪುಸ್ತಕ ದ್ವೇಷಕ್ಕೂ ಒದಗಿತು, ರ್‍ಯಾಡ್‌ಫೋರ್ಡರ ಕರುಣೆಗೂ ಒದಗಿತು. ನಮ್ಮ ಮಕ್ಕಳಿಗೆ ಸಿಕ್ಕಿದ್ದು ಕರುಣೆಯ ಪ್ರತಿ, ಅದು ಅವರ ಪುಣ್ಯ. ನಾಳೆ ಸಿಗುವುದು ಎಂಥದೋ. ತೋರಿಸಿದ್ದನ್ನು ತೋರಿಸಿದಂತೆ ನಂಬುವುದನ್ನಷ್ಟೇ ಕಲಿತ ಹುಡುಗಿ, ಆ ದಿನ ಯಾವುದರೊಡನೆ ಹೋಲಿಸಿ ನೋಡಿಯಾಳು? ಚರಿತ್ರೆಯ ಚಿತ್ರಗಳನ್ನೇ ಚರಿತ್ರೆಯೆಂದು, ಪುರಾಣದ ಧಾರಾವಾಹಿಗಳನ್ನೇ ಪುರಾಣವೆಂದು ನಂಬಿ ಬೀದಿಯಲ್ಲಿ ಕಚ್ಚಾಡುವ ದೊಡ್ಡವರನ್ನು ನಾವು ಕಾಣುತ್ತಲೇ ಇದ್ದೇವೆ. ಅವರೂ ಒಂದು ಕಾಲಕ್ಕೆ ಯಾರದೋ ತರಗತಿಯಲ್ಲಿ ಕುಳಿತಿದ್ದವರೇ.

ನಿಮ್ಮಲ್ಲಿ ಅಧ್ಯಾಪಕರಾಗಿರುವವರಿಗೆ ನನ್ನ ಸಲಹೆ ಇಷ್ಟು. ಚಿತ್ರವನ್ನು ಖಂಡಿತ ತೋರಿಸಿ, ಆದರೆ ನಾಟಕವನ್ನು ಪಾತ್ರ ಹಂಚಿ ಗಟ್ಟಿಯಾಗಿ ಓದಿಸಿದ ಮೇಲೆ; ಅದೂ ಒಂದೇ ಚಿತ್ರವನ್ನಲ್ಲ. ಶೈಲಾಕ್ ಸೋತು ನ್ಯಾಯಾಲಯದಿಂದ ಹೊರಡುವ ಗಳಿಗೆಯನ್ನು ಎತ್ತಿಕೊಳ್ಳಿ. ಪಚೀನೊ ನೆಲಕ್ಕೆ ಕುಸಿಯುತ್ತಾನೆ. 1973ರ ದೂರದರ್ಶನ ಚಿತ್ರದಲ್ಲಿ ಲಾರೆನ್ಸ್ ಒಲಿವಿಯರ್ ಆಚೆ ಹೋಗುತ್ತಾನೆ. ಆಮೇಲೆ ಹೊರಗಿನಿಂದ ಒಂದು ಊಳು ಕೇಳಿಬರುತ್ತದೆ, ಮನುಷ್ಯನದೋ ಮೃಗದ್ದೋ ತಿಳಿಯದಂಥದು. ಪುಸ್ತಕದಲ್ಲಿ ಕುಸಿತವೂ ಇಲ್ಲ, ಊಳೂ ಇಲ್ಲ: ನನಗೆ ಮೈ ಸರಿಯಿಲ್ಲ, ಹೋಗಗೊಡಿ, ಪತ್ರ ಕಳಿಸಿದರೆ ರುಜು ಹಾಕುತ್ತೇನೆ ಎಂಬ ಅರ್ಥದ ಎರಡು ಮೂರು ಸಾಲು, ಅಷ್ಟೆ. ಆ ಸಾಲುಗಳನ್ನು ಮೂವರು ಮಕ್ಕಳಿಂದ ಓದಿಸಿ, ಪ್ರತಿಯೊಬ್ಬರೂ ತಾವು ಹಾಗೆ ಓದಿದ್ದೇಕೆಂದು ಹೇಳಲಿ. ನನ್ನ ಬಳಿ ನಾಟಕದ ನಾಲ್ಕು ಹಳೆಯ ಪ್ರತಿಗಳಿವೆ. ಬೇಕಾದವರು ಬಂದು ಒಯ್ಯಬಹುದು, ತಿಂಗಳೊಳಗೆ ಹಿಂದಿರುಗಿಸಬೇಕು.